ದಾರಿ ಮುಚ್ಚಿದರೆ ಯಾರಿಗೆ ತೊಂದರೆ? – ಸಾಂಕ್ರಾಮಿಕ ರೋಗದ ಕಾಲದಲ್ಲಿ ಗಡಿ ಮತ್ತು ದಿಗ್ಬಂಧನ



ಈ ಸಲದ ಪಾಠದ ವಿಷಯ ನೋಡಿ, "ದೇಶ ದೇಶಗಳ ಜಗಳ ನಮಗೆ ಯಾಕೆ? ಸಾಲದ ಕಂತು, ಬೀಡಿಯ ಮಜೂರಿ, ಮಕ್ಕಳ ಫೀಸು, ಇಷ್ಟರ ಚಿಂತೆಯೇ ಸಾಲದಾ?" ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಅಂಥದೇ ಒಂದು ಜಗಳ 2020ರಲ್ಲಿ ನಮ್ಮ ಬಂಟ್ವಾಳ ತಾಲೂಕಿನ ಅಂಚಿಗೇ ಬಂದಿತ್ತು. ವಿಟ್ಲದಿಂದ ಸಾರಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಕೇರಳ. ಕನ್ಯಾನ, ಕರೋಪಾಡಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಕ್ಕನ ಮನೆ ಈಚೆ, ತಂಗಿಯ ಮನೆ ಆಚೆ. ಬೆಳ್ತಂಗಡಿ ತಾಲೂಕಿನ ಮಲಯಾಳಿ ಕುಟುಂಬಗಳ ನೆಂಟರಿಷ್ಟರೂ ಆಚೆಯೇ ಇದ್ದಾರೆ. ಆದ್ದರಿಂದ ಪಾಠವನ್ನು ದೂರದ ದೇಶದಿಂದ ಅಲ್ಲ, ತಲಪಾಡಿಯಿಂದ ಶುರು ಮಾಡುತ್ತೇವೆ.

ತಲಪಾಡಿಯಲ್ಲಿ ಏನಾಯಿತು?

ಕಾಸರಗೋಡು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ರಾಜ್ಯಗಳ ವಿಂಗಡಣೆಯಾದಾಗ ಅದು ಕೇರಳಕ್ಕೆ ಹೋಯಿತು. ಗೆರೆ ಎಳೆದರೂ ಜನರ ಓಡಾಟ ಬದಲಾಗಲಿಲ್ಲ. ಬೇಳ, ಕಾಸರಗೋಡು, ಮಂಜೇಶ್ವರದ ಚರ್ಚುಗಳು ಈಗಲೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ. ಹಾಗೆಯೇ ಆಸ್ಪತ್ರೆಯೂ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಕಾಯಿಲೆ ಜೋರಾದರೆ ಮಂಗಳೂರೇ ಗತಿ. ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಆಸ್ಪತ್ರೆಗಳು ಅವರಿಗೆ ಹತ್ತಿರ; ಕೇರಳದೊಳಗಿನ ದೊಡ್ಡ ಆಸ್ಪತ್ರೆ ಬೇಕಿದ್ದರೆ ಕಣ್ಣೂರು ಕಡೆಗೆ ಅದಕ್ಕಿಂತ ಎಷ್ಟೋ ದೂರ ಹೋಗಬೇಕು. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರೂ 2020ರ ಮಾರ್ಚ್‌ನಲ್ಲಿ ಅಲ್ಲಿ ಆಸ್ಪತ್ರೆ ಶುರುವಾಗಿರಲಿಲ್ಲ. ಇದು ಕೇರಳ ಸರಕಾರಗಳ ಉದಾಸೀನ, ಹೇಳದೆ ಇರಲಾಗದು.

2020ರ ಮಾರ್ಚ್‌ನಲ್ಲಿ ಕಾಸರಗೋಡಿನಲ್ಲಿ ಕೊರೊನಾ ಜೋರಾಯಿತು. ಗಲ್ಫಿನಿಂದ ಬಂದವರು ಹೆಚ್ಚು, ರೋಗವೂ ಹೆಚ್ಚು. ಕೇರಳದಲ್ಲೇ ಆಗ ಅತಿ ಹೆಚ್ಚು ಸೋಂಕು ಇದ್ದ ಜಿಲ್ಲೆ ಅದು. ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿ ಬಂದ್. ಒಳದಾರಿಗಳಿಗೆ ಜೆಸಿಬಿಯಿಂದ ಮಣ್ಣಿನ ರಾಶಿ ಸುರಿದರು. ಭಯ ಸುಳ್ಳಲ್ಲ. ನಮ್ಮ ಜಿಲ್ಲೆಯಲ್ಲೂ ಹಾಸಿಗೆ ಕಡಿಮೆ, ವೆಂಟಿಲೇಟರ್ ಕಡಿಮೆ. "ನಮ್ಮವರನ್ನು ಮೊದಲು ನೋಡೋಣ" ಎಂದು ಅಧಿಕಾರಿಗಳು ಯೋಚಿಸಿದ್ದರಲ್ಲಿ ಅರ್ಥವಿತ್ತು. ಅಂಟುರೋಗದ ಕಾಲದಲ್ಲಿ ಓಡಾಟ ತಡೆಯುವುದೇ ತಪ್ಪು ಎಂದು ನಾವು ಹೇಳುವುದಿಲ್ಲ.

ಆದರೆ ಮಣ್ಣಿನ ರಾಶಿಗೆ ಕೊರೊನಾ ರೋಗಿ ಯಾರು, ಕಿಡ್ನಿ ರೋಗಿ ಯಾರು ಅಂತ ಗೊತ್ತಾಗುವುದಿಲ್ಲ. ಮಾರ್ಚ್ 24ರಂದು ಕೇಂದ್ರ ಸರಕಾರ ಹೊರಡಿಸಿದ ಲಾಕ್‌ಡೌನ್ ಆದೇಶದಲ್ಲಿ ಆಸ್ಪತ್ರೆ ಮತ್ತು ಆಂಬುಲೆನ್ಸಿಗೆ ವಿನಾಯಿತಿ ಇತ್ತು. ಕಾಗದದಲ್ಲಿ ಇತ್ತು, ತಲಪಾಡಿಯಲ್ಲಿ ಇರಲಿಲ್ಲ. ಡಯಾಲಿಸಿಸ್ ಮಾಡಿಸುವವರಿಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಹೋಗಲೇಬೇಕು. ಒಂದು ವಾರ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಹೃದಯದ ನೋವಿಗೆ ಗಂಟೆಗಳ ಲೆಕ್ಕ. ಹೆರಿಗೆ ನೋವಂತೂ ಯಾವ ಆದೇಶಕ್ಕೂ ಕಾಯುವುದಿಲ್ಲ. ಆಂಬುಲೆನ್ಸನ್ನು ತಿರುಗಿಸಿ ಕಳುಹಿಸಿದ್ದರಿಂದ ಗರ್ಭಿಣಿಯೊಬ್ಬರು ಅದರೊಳಗೇ ಹೆತ್ತ ಸುದ್ದಿಯನ್ನು ಆಗ ನೀವೂ ಓದಿರಬಹುದು. ಮಂಗಳೂರಿಗೆ ಹೋಗಲಾಗದೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರೆಂದು ವರದಿಯಾಯಿತು. ಅವರಲ್ಲಿ ಒಬ್ಬರು ಕರ್ನಾಟಕ ಮೂಲದ ವೃದ್ಧೆಯೇ.

ಇನ್ನೊಂದು ಲೆಕ್ಕ ಕೇಳಿ. 2020ರ ಮೇ 10ರ ಹೊತ್ತಿಗೆ ಕಾಸರಗೋಡಿನಲ್ಲಿ ಕೊರೊನಾ ತಗಲಿದ್ದ 178 ಮಂದಿಯೂ ಗುಣವಾಗಿದ್ದರು. ಅಲ್ಲಿಯವರೆಗೆ ಆ ಜಿಲ್ಲೆಯಲ್ಲಿ ಕೊರೊನಾದಿಂದ ಒಂದು ಸಾವೂ ಆಗಿರಲಿಲ್ಲ. ರೋಗದಿಂದ ಸತ್ತವರು ಯಾರೂ ಇಲ್ಲ, ದಾರಿ ಇಲ್ಲದೆ ಸತ್ತವರು ಹತ್ತಕ್ಕೂ ಹೆಚ್ಚು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಸಂಘದ ಸಭೆಯಲ್ಲಿ ಒಮ್ಮೆ ಓದಿ.

ವಿಷಯ ಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ರೋಗಿಗಳ ವಾಹನಕ್ಕೆ ದಾರಿ ತೆರೆಸಬೇಕೆಂದು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಎರಡೂ ಕಡೆಯ ರಾಜಕಾರಣಿಗಳ ಹೇಳಿಕೆ, ಪ್ರತಿ ಹೇಳಿಕೆ. ಮೊಬೈಲಿನಲ್ಲಿ ಬೈಗುಳದ ಸಂದೇಶಗಳು. ಎರಡು ರಾಜ್ಯಗಳಲ್ಲಿ ಬೇರೆ ಬೇರೆ ಪಕ್ಷದ ಸರಕಾರ ಇದ್ದುದರಿಂದ ರೋಗಿಯ ಮಾತು ಹಿಂದೆ ಬಿದ್ದು ರಾಜ್ಯದ ಮಾನದ ಮಾತು ಮುಂದೆ ಬಂತು. ಕೊನೆಗೆ ಏಪ್ರಿಲ್ 7ರಂದು, ಎರಡೂ ಸರಕಾರಗಳು ಒಂದು ಒಪ್ಪಂದಕ್ಕೆ ಬಂದಿವೆ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು. ಕೊರೊನಾ ಅಲ್ಲದ ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ತಪಾಸಣೆ ಮಾಡಿ, ವೈದ್ಯರ ಪತ್ರ ನೋಡಿ ಬಿಡುವುದು ಎಂದಾಯಿತು. ಇಷ್ಟು ಸರಳ ಏರ್ಪಾಡು ಮೊದಲ ದಿನವೇ ಮಾಡಲು ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಒಂದು ಡೇರೆ, ಒಬ್ಬ ಡಾಕ್ಟರ್, ಇಬ್ಬರು ನರ್ಸ್, ಒಂದು ರಿಜಿಸ್ಟರ್ ಪುಸ್ತಕ ಸಾಕಿತ್ತು.

2021ರ ಫೆಬ್ರವರಿಯಲ್ಲಿ ಮತ್ತೆ ಗಡಿಯಲ್ಲಿ ಬಿಗಿ ಮಾಡಿದಾಗ ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಎಂಬ ನಾಲ್ಕು ದಾರಿ ಬಿಟ್ಟು, ನೆಗೆಟಿವ್ ವರದಿ ತೋರಿಸಿದವರಿಗೆ ಪ್ರವೇಶ ಎಂದರು. ಆಗಲೂ ಗಲಾಟೆ ಆಯಿತು. ದಿನಾ ಕೆಲಸಕ್ಕೆ, ಕಾಲೇಜಿಗೆ ಬರುವವರಿಗೆ ಅದು ದೊಡ್ಡ ತಾಪತ್ರಯ. ಆದರೂ ಮಣ್ಣಿನ ರಾಶಿಗಿಂತ ಅದು ಎಷ್ಟೋ ವಾಸಿ.

ಬಾಗಿಲು ನಮಗೂ ಮುಚ್ಚಿತು

ಕಾಸರಗೋಡಿನವರಿಗೆ ನಾವು ದಾರಿ ಮುಚ್ಚಿದ ತಿಂಗಳು ಆಗುವುದರೊಳಗೆ ನಮ್ಮ ಸರದಿ ಬಂತು. ದಕ್ಷಿಣ ಕನ್ನಡದಲ್ಲಿ ಕೊರೊನಾದ ಮೊದಲ ಸಾವು 2020ರ ಏಪ್ರಿಲ್ 19ರಂದು ಆಯಿತು. ತೀರಿಕೊಂಡವರು ಬಂಟ್ವಾಳದ ಮಹಿಳೆ. ಅದೇ ವಾರ ಬಂಟ್ವಾಳದ ಇನ್ನೊಂದು ಸಾವಾದಾಗ, ಶವಸಂಸ್ಕಾರ ನಮ್ಮಲ್ಲಿ ಬೇಡ ಎಂದು ಮಂಗಳೂರು ಸುತ್ತಿನ ಊರುಗಳವರು ಅಡ್ಡ ನಿಂತರು. ಶವವನ್ನು ರಾತ್ರಿ ಊರಿಂದೂರಿಗೆ ಸುತ್ತಿಸಬೇಕಾಯಿತು. "ಬಂಟ್ವಾಳದವರು" ಅಂದರೆ ಸಾಕು, ಜನ ದೂರ ಸರಿಯುತ್ತಿದ್ದರು. ಕಾಸರಗೋಡಿನವರ ಬಗ್ಗೆ ನಮ್ಮಲ್ಲಿ ಆಡಿದ ಮಾತನ್ನೇ ಬೇರೆಯವರು ನಮ್ಮ ಬಗ್ಗೆ ಆಡಿದರು.

ಹೊಟ್ಟೆಯ ಪಾಡು ಬೇರೆ. ಬೀಡಿ ಬ್ರಾಂಚ್ ಮುಚ್ಚಿತು. ನಾವು ಕಟ್ಟುವ ಬೀಡಿಯ ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢದಂಥ ದೂರದ ರಾಜ್ಯಗಳ ಕಾಡಿನಿಂದ. ಲಾರಿ ನಿಂತರೆ ಎಲೆ ಇಲ್ಲ, ಎಲೆ ಇಲ್ಲದಿದ್ದರೆ ವಾರದ ಮಜೂರಿ ಇಲ್ಲ. ಗಡಿ ಮುಚ್ಚುವುದು ಅಂದರೆ ಏನು ಅಂತ ಬೀಡಿ ಕಟ್ಟುವವಳಿಗೆ ಯಾರೂ ಕಲಿಸಬೇಕಾಗಿಲ್ಲ.

ದಿಗ್ಬಂಧನ ಅಂದರೆ ಏನು?

ಈಗ ದೊಡ್ಡ ಲೋಕಕ್ಕೆ ಬರೋಣ. ತಲಪಾಡಿಯಲ್ಲಿ ಮಣ್ಣಿನಿಂದ ಮಾಡಿದ ಕೆಲಸವನ್ನೇ ಬಲಿಷ್ಠ ದೇಶಗಳು ಹಣದ ದಾರಿ ಮುಚ್ಚಿ ಮಾಡುತ್ತವೆ. ಇದಕ್ಕೆ ಆರ್ಥಿಕ ದಿಗ್ಬಂಧನ ಎನ್ನುತ್ತಾರೆ.

ಒಂದು ಉದಾಹರಣೆ. ನಿಮ್ಮ ಸಂಘದ ಉಳಿತಾಯ ಬ್ಯಾಂಕಿನಲ್ಲಿ ಉಂಟು, ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಸದಸ್ಯೆಯೊಬ್ಬರ ಮಗುವಿಗೆ ಔಷಧ ಬೇಕು. ಮೆಡಿಕಲ್ ಅಂಗಡಿಯವರ ಹತ್ತಿರ ಔಷಧವೂ ಉಂಟು. ಆದರೆ ಊರಿನ ದೊಡ್ಡ ಧನಿಯೊಬ್ಬ ಹೇಳಿಬಿಟ್ಟಿದ್ದಾನೆ: "ಈ ಸಂಘದ ಜೊತೆ ವ್ಯವಹಾರ ಮಾಡಿದವರ ಜೊತೆ ನನ್ನ ವ್ಯವಹಾರ ಇಲ್ಲ. ಔಷಧಕ್ಕೆ ಮಾತ್ರ ಅಡ್ಡಿ ಇಲ್ಲ." ಬ್ಯಾಂಕಿನ ಮೆನೇಜರರಿಗೆ ಆ ಧನಿ ದೊಡ್ಡ ಗಿರಾಕಿ. ಇದು ಔಷಧದ ಹಣ ಹೌದೋ ಅಲ್ಲವೋ, ನಾಳೆ ಏನಾದರೂ ರಗಳೆ ಬಂದರೆ? "ಬೇಡಮ್ಮ, ಬೇರೆ ಕಡೆ ನೋಡಿ" ಎನ್ನುತ್ತಾರೆ. ಔಷಧ ಯಾರೂ ನಿಷೇಧಿಸಲಿಲ್ಲ. ಆದರೆ ಔಷಧ ಮಗುವಿಗೆ ಸಿಗಲಿಲ್ಲ.

ಇರಾನಿನಲ್ಲಿ ಆದದ್ದು ಇದೇ. ನಿಮ್ಮ ಮನೆಯವರು ದುಬೈಯಲ್ಲಿ ಇದ್ದರೆ ಅವರಿಗೆ ಗೊತ್ತು. ಸಮುದ್ರದ ಆಚೆ ದಡವೇ ಇರಾನ್. ಆ ದೇಶ ಅಣುಬಾಂಬು ಮಾಡಬಾರದೆಂಬ ಒಪ್ಪಂದದಿಂದ ಅಮೆರಿಕ 2018ರ ಮೇಯಲ್ಲಿ ಹೊರಬಂದು, ಅದೇ ವರ್ಷ ಮತ್ತೆ ದಿಗ್ಬಂಧನ ಹೇರಿತು. ಇದರ ಬಿಸಿ ನಮ್ಮ ಮಂಗಳೂರಿಗೂ ತಟ್ಟಿದೆ. ಎಂಆರ್‌ಪಿಎಲ್ ಒಂದು ಕಾಲದಲ್ಲಿ ಇರಾನಿನ ಕಚ್ಚಾ ತೈಲ ಕೊಳ್ಳುವ ಭಾರತದ ದೊಡ್ಡ ಗಿರಾಕಿಗಳಲ್ಲಿ ಒಂದು. ಹಿಂದಿನ ದಿಗ್ಬಂಧನದ ಕಾಲದಲ್ಲಿ ಡಾಲರ್ ಕಳುಹಿಸಲು ಆಗದೆ, 2012ರಿಂದ ಯುಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಹಣ ಕಟ್ಟುವ ದಾರಿ ಹುಡುಕಿದರು. ಆ ರೂಪಾಯಿಯಿಂದ ಇರಾನ್ ನಮ್ಮಲ್ಲಿ ಅಕ್ಕಿ, ಔಷಧ ಕೊಂಡುಕೊಳ್ಳುತ್ತಿತ್ತು. 2019ರ ಮೇಯಲ್ಲಿ ಭಾರತ ಆ ತೈಲ ಕೊಳ್ಳುವುದನ್ನೇ ನಿಲ್ಲಿಸಿತು. ತೈಲದ ದುಡ್ಡಿನ ಜೊತೆಗೆ ಆ ಅಕ್ಕಿ, ಔಷಧದ ದಾರಿಯೂ ಸಪುರವಾಯಿತು.

ಅಮೆರಿಕದ ನಿಯಮದಲ್ಲಿ ಔಷಧಕ್ಕೆ ವಿನಾಯಿತಿ ಇತ್ತು. ಆದರೂ ಬ್ಯಾಂಕುಗಳು ಹೆದರಿ ಹಣ ದಾಟಿಸಲಿಲ್ಲ. ಸಾಮಾನ್ಯ ಔಷಧವನ್ನು ಇರಾನ್ ತಾನೇ ಮಾಡಿಕೊಳ್ಳುತ್ತದೆ. ಕಷ್ಟ ಬಂದದ್ದು ಅಪರೂಪದ ಕಾಯಿಲೆಯವರಿಗೆ. ಮುಟ್ಟಿದರೆ ಚರ್ಮ ಸುಲಿದು ಹುಣ್ಣಾಗುವ ಒಂದು ಹುಟ್ಟುಕಾಯಿಲೆ ಉಂಟು. ಆ ಮಕ್ಕಳಿಗೆ ಅಂಟದಿರುವ ವಿಶೇಷ ಬ್ಯಾಂಡೇಜು ಬೇಕು. ಯುರೋಪಿನ ಕಂಪೆನಿ ಅದನ್ನು ಕಳುಹಿಸುವುದು ನಿಲ್ಲಿಸಿತು. ಇದನ್ನೆಲ್ಲ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2019ರ ಅಕ್ಟೋಬರಿನಲ್ಲೇ, ಅಂದರೆ ಕೊರೊನಾಕ್ಕಿಂತ ಮೊದಲೇ ಬರೆದಿತ್ತು.

2020ರ ಫೆಬ್ರವರಿ 19ರಂದು ಇರಾನ್ ತನ್ನ ಮೊದಲ ಕೊರೊನಾ ರೋಗಿಗಳ ಸುದ್ದಿ ಹೊರಗೆ ಹಾಕಿತು. ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ 500 ಕೋಟಿ ಡಾಲರ್ ತುರ್ತು ಸಾಲ ಕೇಳಿತು. ಅದು ಆಗ ಸಿಗಲಿಲ್ಲ. ದಿಗ್ಬಂಧನದಿಂದ ಬೊಕ್ಕಸ ಬರಿದಾದ ದೇಶಕ್ಕೆ, ಅಂಗಡಿ ಮುಚ್ಚಿ ಜನರನ್ನು ಮನೆಯಲ್ಲಿ ಕೂರಿಸಿ ಅಕ್ಕಿ ಕೊಡುವ ಶಕ್ತಿ ಎಲ್ಲಿಂದ ಬರಬೇಕು?

ಆದರೆ ಒಂದೇ ಕಡೆಯವರನ್ನು ದೂರಿದರೆ ಪಾಠ ಅರ್ಧ ಆಗುತ್ತದೆ. ಇರಾನಿನ ಸರಕಾರವೂ ಹಟ ಬಿಡಲಿಲ್ಲ. ಗಡಿಗಳಿಲ್ಲದ ವೈದ್ಯರು ಎಂಬ ಹೆಸರಾಂತ ಸೇವಾ ಸಂಸ್ಥೆ ಇಸ್ಫಹಾನ್ ನಗರದಲ್ಲಿ 50 ಹಾಸಿಗೆಯ ಆಸ್ಪತ್ರೆ ಹಾಕಲು ಸಾಮಾನು ಸಮೇತ ಬಂದಿತ್ತು. 2020ರ ಮಾರ್ಚ್ 24ರಂದು, ನಿಮ್ಮ ಸಹಾಯ ಬೇಡ ಎಂದರು. 2021ರ ಜನವರಿಯಲ್ಲಿ ಅಲ್ಲಿನ ಪರಮ ನಾಯಕ ಅಲಿ ಖಮೇನಿ, ಅಮೆರಿಕ ಮತ್ತು ಬ್ರಿಟನ್ನಿನ ಲಸಿಕೆ ದೇಶಕ್ಕೆ ತರಕೂಡದು ಎಂದು ಆಜ್ಞೆ ಮಾಡಿದರು. ಆ ವರ್ಷದ ಆಗಸ್ಟಿನಲ್ಲಿ ಇರಾನಿನಲ್ಲಿ ದಿನಕ್ಕೆ ಐನೂರು, ಆರುನೂರು ಮಂದಿ ಸಾಯುತ್ತಿದ್ದರು. ಹೊರಗಿನವರು ಒಂದು ಬಾಗಿಲು ಹಾಕಿದರೆ ಒಳಗಿನವರು ಇನ್ನೊಂದು ಬಾಗಿಲು ಹಾಕಿದರು. ನಡುವೆ ಸಿಕ್ಕಿದ್ದು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಂಗಸು.

2020ರ ಏಪ್ರಿಲ್ 12, ಈಸ್ಟರ್ ಹಬ್ಬ. ಜನರೇ ಇಲ್ಲದ ಸಂತ ಪೇತ್ರರ ಮಹಾದೇವಾಲಯದಿಂದ ಪೋಪ್ ಫ್ರಾನ್ಸಿಸರು ಲೋಕಕ್ಕೆ ಸಂದೇಶ ಕೊಟ್ಟರು. ದೇಶಗಳು ತಮ್ಮ ಜನರಿಗೆ ಸಹಾಯ ಮಾಡಲು ದಿಗ್ಬಂಧನಗಳು ಅಡ್ಡಿಯಾಗಿವೆ, ಅವನ್ನು ಸಡಿಲಿಸಿ ಎಂದು ಅದರಲ್ಲಿ ಕೇಳಿಕೊಂಡರು. ದಿಗ್ಬಂಧನದ ಆ ಮಾತಿನಲ್ಲಿ ಯಾವ ದೇಶದ ಹೆಸರೂ ಹೇಳಲಿಲ್ಲ, ಯಾವ ಸರಕಾರವನ್ನೂ ಹೊಗಳಲಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ

ನಿಮ್ಮ ವಾರ್ಡಿನಲ್ಲಿ ಯಾರಾದರೂ ಕಾಸರಗೋಡಿನಿಂದ ಮದುವೆಯಾಗಿ ಬಂದವರಿದ್ದರೆ 2020ರ ಆ ದಿನಗಳು ಅವರ ತವರಿನಲ್ಲಿ ಹೇಗಿದ್ದವು ಎಂದು ಕೇಳಿ. ಅವರಿಗೇ ಮಾತಾಡಲು ಬಿಡಿ. ಆಗ ನಮ್ಮಲ್ಲಿ ಮೊಬೈಲಿನಲ್ಲಿ ಹರಿದಾಡಿದ ಮಾತುಗಳಲ್ಲಿ ಯಾವುದು ಜಾಗ್ರತೆ, ಯಾವುದು ದ್ವೇಷ? ದಾರಿ ಮುಚ್ಚಲೇಬೇಕಾದರೆ ಯಾರಿಗೆ ತೆರೆದಿಡಬೇಕು, ಅದನ್ನು ನೋಡಿಕೊಳ್ಳುವವರು ಯಾರು?

ಚರ್ಚೆಯ ನಂತರ ಒಂದು ಕೆಲಸ. ನಿಮ್ಮ ಸಂಘದ ಮನೆಗಳಲ್ಲಿ ಡಯಾಲಿಸಿಸಿಗೆ ಹೋಗುವವರು, ಕ್ಯಾನ್ಸರಿಗೆ ಇಂಜೆಕ್ಷನ್ ತೆಗೆದುಕೊಳ್ಳುವವರು, ಫಿಟ್ಸ್, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬಾರದವರು, ಬಸುರಿಯರು ಯಾರು ಯಾರು ಎಂದು, ಅವರ ಒಪ್ಪಿಗೆ ಕೇಳಿ, ಬರೆದಿಡಿ. ಕೊಕ್ಕಡ ಕಡೆಯವರು ಎಂಡೋಸಲ್ಫಾನ್ ಪೀಡಿತ ಮಕ್ಕಳ ಹೆಸರನ್ನೂ ಸೇರಿಸಿ. ಯಾವ ಆಸ್ಪತ್ರೆ, ವಾರಕ್ಕೆ ಎಷ್ಟು ಸಲ, ಯಾವ ಔಷಧ, ಯಾವ ಗಾಡಿ ಎಂದೂ ಇರಲಿ. ಮುಂದೆ ಯಾವತ್ತಾದರೂ ದಾರಿ ಮುಚ್ಚಿದರೆ ಪಂಚಾಯತಿಗೆ "ನಮಗೆ ಕಷ್ಟ" ಎಂದು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಹೆಸರು, ದಿನ, ಆಸ್ಪತ್ರೆ ಸಮೇತ ಪಟ್ಟಿ ಇಟ್ಟರೆ ಪಾಸ್ ಕೊಡಿಸಲು ಅವರಿಗೂ ಸುಲಭ. ಪಟ್ಟಿಯ ಒಂದು ಪ್ರತಿ ಆಶಾ ಕಾರ್ಯಕರ್ತೆಯ ಹತ್ತಿರ, ಇನ್ನೊಂದು ಸಂಘದ ಪುಸ್ತಕದೊಳಗೆ ಇರಲಿ. ಆರು ತಿಂಗಳಿಗೊಮ್ಮೆ ತಿದ್ದಿ.