ಚಂಚಲ ಚಿತ್ತವೂ ಮುಪ್ಪಿನ ಮಿದುಳೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮುಪ್ಪಿನಲ್ಲಿ ನೆನಪು ತುಸು ನಿಧಾನವಾಗುವುದು ಸಹಜ. ಆದರೆ ನೆನಪು, ವಿವೇಚನೆ, ದಿನದ ಕೆಲಸಗಳನ್ನು ನಡೆಸುವ ಶಕ್ತಿ ಇವೆಲ್ಲವೂ ಕುಸಿಯುವುದು ರೋಗ; ವೈದ್ಯರು ಇದನ್ನು ಡಿಮೆನ್ಷಿಯ ಎನ್ನುತ್ತಾರೆ. ಬಾಲ್ಯದಲ್ಲಿಯೇ ತೋರುವ ಅವಧಾನದ ಕೊರತೆ ಮತ್ತು ಅತಿಚಟುವಟಿಕೆ, ಅಂದರೆ ಎಡಿಎಚ್‌ಡಿ, ಬೇರೆಯೇ ಒಂದು ಸ್ಥಿತಿ. ಇದು ಬೆಳೆದಂತೆ ಮಾಯವಾಗುವ ಮಕ್ಕಳ ತೊಂದರೆಯೆಂದು ಬಹುಕಾಲ ನಂಬಲಾಗಿತ್ತು. ಹಲವರಲ್ಲಿ ಅದು ಪ್ರೌಢ ವಯಸ್ಸಿನಲ್ಲಿಯೂ ಉಳಿಯುವುದೆಂದು ಈಗ ತಿಳಿದಿದೆ. ಅಂಥವರ ಮಿದುಳು ಮುಪ್ಪನ್ನು ಹೇಗೆ ಎದುರಿಸುತ್ತದೆ?

ಇಸ್ರೇಲಿನಲ್ಲಿ 1933ರಿಂದ 1952ರೊಳಗೆ ಹುಟ್ಟಿದ 1,09,218 ಜನರನ್ನು 2003ರಿಂದ 17 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಎಡಿಎಚ್‌ಡಿ ಇದ್ದ 730 ಮಂದಿಯಲ್ಲಿ ನೂರಕ್ಕೆ ಸುಮಾರು 13 ಮಂದಿಗೆ, ಉಳಿದವರಲ್ಲಿ ನೂರಕ್ಕೆ 7 ಮಂದಿಗೆ ಡಿಮೆನ್ಷಿಯ ಬಂದಿತು. ವಯಸ್ಸು, ಇತರ ಕಾಯಿಲೆ ಮೊದಲಾದವುಗಳ ವ್ಯತ್ಯಾಸವನ್ನು ಗಣಿತದಿಂದ ಸರಿದೂಗಿಸಿದಾಗ ಅಪಾಯವು 2.77 ಪಟ್ಟಾಯಿತು.

ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಮೊದಲನೆಯದಾಗಿ, ನೂರರಲ್ಲಿ 87 ಮಂದಿಗೆ ಆ ಅವಧಿಯಲ್ಲಿ ರೋಗ ಬರಲಿಲ್ಲ. ಎರಡನೆಯದಾಗಿ, ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ. ತನ್ನ ಕೋಳಿ ಕೂಗುವುದರಿಂದಲೇ ಬೆಳಗಾಗುವುದೆಂದು ನಂಬಿದ ಅಜ್ಜಿಯ ಕಥೆ ನೆನಪಿರಲಿ. ಪ್ರಯೋಗಶಾಲೆಯಲ್ಲಿ ನಾವು ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಸ್ಥಿರವಾಗಿಡುತ್ತೇವೆ. ಮನುಷ್ಯನ ಬಾಳಿನಲ್ಲಿ ಅದು ಸಾಧ್ಯವಿಲ್ಲ. ಉತ್ತೇಜಕ ಔಷಧ ಪಡೆದವರಲ್ಲಿ ಅಪಾಯವು ಸ್ಪಷ್ಟವಾಗಿ ಹೆಚ್ಚಲಿಲ್ಲ; ಆದರೆ ಔಷಧವೇ ಕಾಪಾಡಿತೆಂಬುದಕ್ಕೆ ಇದು ಪ್ರಮಾಣವಲ್ಲ.

ಸಂಬಂಧ ಹೇಗಿರಬಹುದು? ಸುಗ್ಗಿಯಲ್ಲಿ ಕಣಜ ತುಂಬಿದ ಮನೆ ಬರಗಾಲವನ್ನು ತಡೆದುಕೊಳ್ಳುತ್ತದೆ. ಹಾಗೆಯೇ ವಿದ್ಯೆ, ಕೆಲಸ, ಒಡನಾಟಗಳಿಂದ ಮಿದುಳು ಮೀಸಲು ಶಕ್ತಿಯನ್ನು ಕೂಡಿಡುತ್ತದೆ; ಎಡಿಎಚ್‌ಡಿ ಇದ್ದವರಲ್ಲಿ ಈ ಮೀಸಲು ಕಡಿಮೆಯಿರಬಹುದೆಂಬುದು ಒಂದು ಊಹೆ. ಮತ್ತೊಂದು ದಾರಿಯೂ ಉಂಟು: ಅವರಲ್ಲಿ ಧೂಮಪಾನ, ಬೊಜ್ಜು, ಖಿನ್ನತೆ ಹೆಚ್ಚು. ಇವೇ ಡಿಮೆನ್ಷಿಯಕ್ಕೂ ದಾರಿಮಾಡುತ್ತವೆ.

ಇಲ್ಲಿಯೇ ನಮ್ಮ ಕೈಯಲ್ಲಿರುವ ಉಪಾಯವೂ ಇದೆ. ಬದಲಿಸಬಹುದಾದ 14 ಅಪಾಯಕಾರಣಗಳನ್ನು ನಿವಾರಿಸಿದರೆ ಡಿಮೆನ್ಷಿಯದ ನೂರಕ್ಕೆ ಸುಮಾರು 45 ಪಾಲನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗಬಹುದೆಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನ, ಧೂಮಪಾನ, ಜಡಜೀವನ ಇವೆಲ್ಲ ಆ ಪಟ್ಟಿಯಲ್ಲಿವೆ.

ಮನೆಯಲ್ಲಿ ಹಿರಿಯರೊಬ್ಬರು ಮರೆಯತೊಡಗಿದರೆ ಮೊದಲು ಕೇಳಬೇಕಾದ ಪ್ರಶ್ನೆ, ‘ಇದು ಯಾವಾಗಿನಿಂದ?’ ಎಳವೆಯಿಂದಲೂ ಬೀಗದ ಕೈ ಮರೆಯುತ್ತಿದ್ದವರು ಈಗಲೂ ಅಷ್ಟೇ ಮರೆತರೆ ಅದು ಹಳೆಯ ಸ್ವಭಾವವಿರಬಹುದು. ದಿನವೂ ನಡೆದ ಬೀದಿಯಲ್ಲಿಯೇ ದಾರಿ ತಪ್ಪಿದರೆ ಅದು ಹೊಸ ಬದಲಾವಣೆ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅರಳುಮರಳೆಂದು ನಕ್ಕು ಸುಮ್ಮನಾಗುವುದು ಸಲ್ಲದು.