ಲಾಠಿಯೂ ಮೆಣಸಿನ ಶೀಶೆಯೂ

ಕಂಪ್ಲಿ, ಸಂಡೂರುಗಳಿಂದ ಹೊಸಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಬಂದುಹೋಗುವ ಸೋದರಿಯರಲ್ಲಿ ಕೆಲವರು ಪುಸ್ತಕಗಳೊಡನೆ ಪೆಪ್ಪರ್ ಸ್ಪ್ರೇಯ ಚಿಕ್ಕ ಶೀಶೆಯನ್ನೂ ಇಟ್ಟುಕೊಳ್ಳುವುದುಂಟು. "ಇದು ಕಾನೂನಿಗೆ ವಿರುದ್ಧವೇನು?" ಎಂದು ಸಹಪಾಠಿನಿಯೊಬ್ಬಳು ಕೇಳಿದಾಗ, ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ನಿರುತ್ತರನಾದೆ. ಆ ಬಳಿಕ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಆಯುಧಗಳ ಬಗ್ಗೆ ನಮ್ಮಲ್ಲಿ ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯಿದೆ. ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ಆಯುಧವಾಗಿ ರಚಿಸಿದ ವಸ್ತುಗಳು ಅದರ ವ್ಯಾಖ್ಯೆಗೆ ಒಳಪಡುತ್ತವೆ. ಕೇವಲ ಮನೆಬಳಕೆಗೆ ಇಲ್ಲವೆ ಬೇಸಾಯಕ್ಕೆಂದು ಮಾಡಿದ ಲಾಠಿ, ಊರುಗೋಲು ಮುಂತಾದುವಕ್ಕೆ ವಿನಾಯಿತಿಯುಂಟು. ದರೋಜಿ ಕರಡಿಧಾಮದ ಅಂಚಿನಲ್ಲಿ ಕುರಿ ಮೇಯಿಸುವವನಿಗೆ ಕೈಕೋಲು ಬೇಕೇ ಬೇಕಷ್ಟೆ. ಆದರೆ ಶೀಶೆಯ ಹೆಸರು ಆ ವ್ಯಾಖ್ಯೆಯಲ್ಲಿಲ್ಲ. ಕೂಡದೆಂದೂ ಇಲ್ಲ, ಆಗಬಹುದೆಂದೂ ಇಲ್ಲ.

ಲಾಠಿಯ ವಿನಾಯಿತಿಯೂ ಸರ್ವಕಾಲಿಕವಲ್ಲ. ಶಾಂತಿಭಂಗದ ಭಯವಿದ್ದಾಗ 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಮೇರೆಗೆ ಜಿಲ್ಲಾ ದಂಡಾಧಿಕಾರಿಗಳು ದೊಣ್ಣೆ, ಲಾಠಿಗಳನ್ನೂ ಒಯ್ಯದಂತೆ ಆಜ್ಞಾಪಿಸಬಹುದು. ಅಂಥ ಆಜ್ಞೆ ಅವರವರ ಜಿಲ್ಲೆಗೆ ಸೀಮಿತ. 2021ರಲ್ಲಿ ವಿಜಯನಗರ ಜಿಲ್ಲೆಯಾದಂದಿನಿಂದ ಹೊಸಪೇಟೆ, ಹಂಪಿಗಳು ಅದರಲ್ಲಿವೆ. ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲೇ ಉಳಿದಿವೆ. ಹೊಳೆ ದಾಟಿದರೆ ಆನೆಗೊಂದಿ, ಕೊಪ್ಪಳ ಜಿಲ್ಲೆ. ದಿನವೂ ಗಡಿ ದಾಟುವ ನಮ್ಮ ಸೋದರಿಯರು ಇದನ್ನು ನೆನಪಿಡತಕ್ಕದ್ದು.

ಇನ್ನು ಪ್ರಯೋಗದ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ನೆಯ ಪ್ರಕರಣದಂತೆ ಆತ್ಮರಕ್ಷಣೆಯ ಹಕ್ಕಿನಿಂದ ಮಾಡಿದ್ದು ಅಪರಾಧವಲ್ಲ. ಆದರೆ 37ನೆಯ ಪ್ರಕರಣ ಎಲ್ಲೆಯನ್ನು ಹಾಕಿದೆ: ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಲಾಗದು. ಅದೇ ವರ್ಷ ಬೆಂಗಳೂರಿನ ಆಸ್ತಿವ್ಯಾಜ್ಯವೊಂದರಲ್ಲಿ ಪೆಪ್ಪರ್ ಸ್ಪ್ರೇ ಬಳಸಿದವರ ಮೇಲಿನ ಮೊಕದ್ದಮೆಯನ್ನು ರದ್ದುಮಾಡಲು ಕರ್ನಾಟಕ ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಪ್ರಾಣಕ್ಕೆ ಅಪಾಯವಿಲ್ಲದೆಡೆ ಅದನ್ನು ಬಳಸಿದ್ದು ಆತ್ಮರಕ್ಷಣೆಯೆನಿಸದೆಂದೂ, ಅದು ಅಪಾಯಕಾರಿ ಆಯುಧವೆಂದೂ ನ್ಯಾಯಾಲಯ ಭಾವಿಸಿತು.

ಇಂಗ್ಲೆಂಡಿನಲ್ಲಿಯಾದರೋ 1968ರ ಬಂದೂಕು ಕಾಯಿದೆಯೇ ಇಂಥ ಶೀಶೆಯನ್ನು ಜನಸಾಮಾನ್ಯರಿಗೆ ನಿಷೇಧಿಸಿದೆ. ಅದಕ್ಕೂ ಕಾರಣವುಂಟು: ಅಬಲೆಯ ಕೈಯಲ್ಲಿ ರಕ್ಷೆಯಾದದ್ದು ಸರಗಳ್ಳನ ಕೈಯಲ್ಲಿ ಆಯುಧವಾದೀತು.

ಆದರೂ ನನ್ನ ಮನಸ್ಸು ಪೂರ್ಣನಿಷೇಧಕ್ಕೆ ಒಪ್ಪದು. 2025ರ ಮಾರ್ಚ್ ತಿಂಗಳಿನಲ್ಲಿ ಹೊಳೆಯಾಚೆ ಸಣಾಪುರದ ಕಾಲುವೆಯ ಬಳಿ ದುರುಳರು ಇರುಳಿನಲ್ಲಿ ಇಬ್ಬರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರು. ಕಾಲುವೆಗೆ ತಳ್ಳಲ್ಪಟ್ಟ ಪ್ರವಾಸಿಯೊಬ್ಬ ಅಸುನೀಗಿದ. ಅಲ್ಲಿ ಒಂದು ಶೀಶೆಯಿಂದ ಏನಾಗುತ್ತಿತ್ತೆಂದು ನಾನು ಹೇಳಲಾರೆ. ಬೀದಿದೀಪ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಪೊಲೀಸರ ಗಸ್ತು ಇವೇ ಮೊದಲ ರಕ್ಷೆ. ಅವು ಇಲ್ಲದೆಡೆ ಬರಿಗೈಯಲ್ಲಿ ಹೋಗೆನ್ನುವುದು ನ್ಯಾಯವಲ್ಲ.

ಲಾಠಿಗೆ ವಿನಾಯಿತಿ ಕೊಟ್ಟಾಗ ಶಾಸನಕರ್ತರ ಕಣ್ಣಮುಂದೆ ರೈತನಿದ್ದ. ಸಂಜೆ ಬಸ್ಸಿಳಿದು ಒಂಟಿಯಾಗಿ ನಡೆಯುವ ಹುಡುಗಿಯಿರಲಿಲ್ಲ. ಶೀಶೆಯ ಸತ್ವ ಎಷ್ಟಿರಬೇಕು, ಯಾರಿಗೆ ಮಾರಬೇಕು, ಎಲ್ಲಿ ಒಯ್ಯಬಾರದು ಎಂಬುದನ್ನು ಶಾಸನವೇ ಬಿಡಿಸಿ ಹೇಳಲಿ. ಅಲ್ಲಿಯವರೆಗೆ ಆ ಸಹಪಾಠಿನಿಗೆ ನನ್ನ ಉತ್ತರವಿಷ್ಟೆ: 1959ರ ಕಾಯಿದೆ ನಿನ್ನ ಶೀಶೆಯನ್ನು ಹೆಸರಿಸಿ ನಿಷೇಧಿಸಿಲ್ಲ, ನಿಷೇಧಾಜ್ಞೆಯಿದ್ದಲ್ಲಿ ವಿಚಾರಿಸಿ ಹೊರಡು, ಪ್ರಯೋಗಿಸಿದರೆ ಏಕೆಂದು ಉತ್ತರ ಹೇಳಲು ಸಿದ್ಧಳಿರು.