ಎರಡನೇ ಲೈಟ್ ಕಂಬದವರೆಗೆ

ಮೈಸೂರು

ಪ್ರೀತಿಯ ಪುಟ್ಟಿಗೆ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. "ನಾಲ್ಕು ದಿನ ನಡೀತೀನಿ ದೊಡ್ಡಮ್ಮ, ಐದನೇ ದಿನ ಮಂಚ ಹಿಡೀತೀನಿ. ಇದು ನನ್ನ ಕೈಲಾಗೋದಲ್ಲ" ಅಂದೆ. ಆಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಕಾಗದ. ಸೊಂಟವನ್ನೋ ಮಂಡಿಯನ್ನೋ ಹಿಡಿದುಕೊಂಡು ಕೂತ ನಿನ್ನಂಥ ಮಕ್ಕಳು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ ಅನ್ನಿಸಿ, ನಿನ್ನನ್ನು ಕೇಳಿಕೊಂಡೇ ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಮೊದಲಿಗೆ, ನಿನ್ನ ನೋವು ನಿಜ. ಸ್ಕ್ಯಾನಿಂಗಿನಲ್ಲಿ ದೊಡ್ಡದೇನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಅದು ಭ್ರಮೆಯಾಗುವುದಿಲ್ಲ. ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಅಂತ ಬೇರೆಯಾಗಿಯೇ ನೋಡುತ್ತಾರೆ. ಮೊದಲು ಪೆಟ್ಟಾದ ಜಾಗ ಅಷ್ಟು ಹೊತ್ತಿಗೆ ಎಷ್ಟೋ ಸಲ ಮಾಗಿರುತ್ತದೆ, ಆದರೆ ನರಮಂಡಲ ಎಚ್ಚರ ತಪ್ಪದೆ ಕೂತಿರುತ್ತದೆ. ಕಳ್ಳ ಬಂದು ಹೋದ ಮನೆಯ ನಾಯಿಯನ್ನು ನೋಡಿದ್ದೀಯಲ್ಲ? ಅಂದಿನಿಂದ ಅದು ಹಾಲಿನವನಿಗೂ ಬೊಗಳುತ್ತದೆ, ಗಾಳಿಗೆ ಗೇಟು ಅಲ್ಲಾಡಿದರೂ ಬೊಗಳುತ್ತದೆ. ಹೊಡೆದರೆ ಇನ್ನೂ ಜೋರು. ಹೆದರಿ ನಾವೇ ಬಾಗಿಲು ಹಾಕಿಕೊಂಡರೆ, ಕಳ್ಳ ಹೊರಗೇ ಇದ್ದಾನೆ ಅಂತ ಅದಕ್ಕೆ ಖಾತ್ರಿಯಾಗುತ್ತದೆ. ದಿನಾ ಅದೇ ಹೊತ್ತಿಗೆ ಅದೇ ಹಾಲಿನವನು ಬಂದು, ಏನೂ ಆಗದೆ ಹೋಗುತ್ತಿದ್ದರೆ ಮಾತ್ರ ಮೆಲ್ಲಗೆ ಸುಮ್ಮನಾಗುತ್ತದೆ.

ನಾನು ನಿನಗೆ ಹೇಳುವ ನಡಿಗೆ ಆ ಹಾಲಿನವನ ಹಾಗಿರಬೇಕು. ದಿನಾ ಬರಬೇಕು, ಹೊತ್ತಿಗೆ ಬರಬೇಕು, ಬಂದಷ್ಟೇ ಬೇಗ ಹೋಗಬೇಕು.

ನನ್ನ ಸೊಂಟ ಹಿಡಿದದ್ದು 1990ರ ಸುಮಾರಿಗೆ, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಎತ್ತುವಾಗ. ತೋರಿಸಿದ ವೈದ್ಯರು ಮೂರು ವಾರ ಅಲ್ಲಾಡದೆ ಮಲಗಲು ಹೇಳಿದರು. ಆಗ ಹಾಗೇ ಹೇಳುತ್ತಿದ್ದರು, ಅವರನ್ನು ದೂರುವುದಿಲ್ಲ. ಮೂರು ವಾರ ಕಳೆದು ಎದ್ದಾಗ ಸೀರೆ ಉಡಲು ನಿಂತರೆ ನೆರಿಗೆ ಹಿಡಿಯುವಷ್ಟರಲ್ಲಿ ಕಾಲು ನಡುಗುತ್ತಿತ್ತು. ಮಂಚದ ಮೇಲೆ ಕೂತು, ಐದು ನೆರಿಗೆಯನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಎದ್ದು ಒಂದೇ ಸಲಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ನೋವಂತೂ ಹೋಗಿರಲಿಲ್ಲ. ಇದ್ದ ಶಕ್ತಿಯೂ ಹೋಗಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಸಭೆಯ ನೌಕರರ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಸೊಂಟ ಹಿಡಿದಾಗ ಎರಡು ದಿನ ಮಲಗಿದವರಿಗಿಂತ, ಆದಷ್ಟು ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡಿದ್ದರು. ನಾನು ಮಲಗಿದ್ದು ಎರಡು ದಿನವಲ್ಲ, ಇಪ್ಪತ್ತೊಂದು ದಿನ.

ನನಗೆ ನಡೆಯಲು ಕಲಿಸಿದವರು ಆಮೇಲೆ ಸಿಕ್ಕ ಒಬ್ಬ ಫಿಸಿಯೋಥೆರಪಿಸ್ಟ್. ಅವರು "ಎಷ್ಟು ನೋವು?" ಅಂತ ಕೇಳಲಿಲ್ಲ, "ಎಷ್ಟು ನಿಮಿಷ?" ಅಂತ ಕೇಳಿದರು. ಮೂರು ದಿನ ನಡೆದು ನೋಡಿ, ನೋವು ಜೋರಾಗುವ ಹೊತ್ತು ಬರೆದಿಡಿ ಅಂದರು. ಎಂಟು ನಿಮಿಷ, ಐದು, ಮತ್ತೆ ಎಂಟು. ಸರಾಸರಿ ಏಳು. "ಹಾಗಾದರೆ ನಾಳೆಯಿಂದ ಐದು ನಿಮಿಷ. ಏಳಲ್ಲ" ಅಂದರು. ನಮ್ಮ ಗೇಟಿನಿಂದ ಎರಡನೇ ಲೈಟ್ ಕಂಬಕ್ಕೆ ಮೆಲ್ಲಗೆ ಹೋಗಿ ಬಂದರೆ ಸರಿಯಾಗಿ ಐದು ನಿಮಿಷ. ನನಗೆ ಅವಮಾನವಾದಂತಾಯಿತು. ಇಡೀ ಶಾಲೆಯ ಮಕ್ಕಳನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿಕೊಂಡು ಹೋಗುತ್ತಿದ್ದವಳು ನಾನು.

ಅವರು ಹೇಳಿಕೊಟ್ಟ ಕ್ರಮದ ಬೇರು ಅಮೆರಿಕದ ಸಿಯಾಟಲ್‌ನಲ್ಲಿತ್ತು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ವಿಲ್ಬರ್ಟ್ ಫೋರ್ಡೈಸ್ ಎಂಬ ಮನೋವಿಜ್ಞಾನಿ 1976ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದರು. ನೋವು ಬಂದಾಗಲೆಲ್ಲ ಕೂತರೆ, ಕೂತಾಗ ಸಿಗುವ ಸುಖ ನೋವಿಗೇ ಗಂಟುಬೀಳುತ್ತದೆ. ದಿನ ಕಳೆದಂತೆ ನೋವು ಇನ್ನೂ ಬೇಗ ಬಂದು ಕೂರಿಸುತ್ತದೆ. ಅದಕ್ಕೆ ನಿಲ್ಲುವ ಹೊತ್ತನ್ನು ನೋವು ತೀರ್ಮಾನ ಮಾಡಬಾರದು, ಗಡಿಯಾರ ಮಾಡಬೇಕು. ಹೊತ್ತಾದ ಮೇಲೆ ಸಿಗುವ ವಿಶ್ರಾಂತಿ ನಡೆದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ.

ಪುಟ್ಟಿ, ಇಲ್ಲೇ ನೀನು ಎಡವುತ್ತಿರುವುದು. ನಿನ್ನನ್ನು ಮಂಚಕ್ಕೆ ಕೆಡವುತ್ತಿರುವುದು ನೋವಿರುವ ದಿನವಲ್ಲ, ನೋವು ಕಡಿಮೆ ಇರುವ ದಿನ. ಅವತ್ತು ನೀನು ಹಳೇ ಬಾಕಿಯನ್ನೆಲ್ಲ ಒಂದೇ ಸಲ ತೀರಿಸಹೊರಡುತ್ತೀಯ. ಕೃಷ್ಣರಾವ್ ಪಾರ್ಕಿನಲ್ಲಿ ಆರು ಸುತ್ತು, ಬರುವಾಗ ಗಾಂಧಿ ಬಜಾರಿನಲ್ಲಿ ತರಕಾರಿ, ಮನೆಗೆ ಬಂದು ಅಟ್ಟದ ಕೆಲಸ. ಮರುದಿನ ಮಲಗುತ್ತೀಯ. ನಾಲ್ಕು ದಿನ ಮಲಗಿ ಎದ್ದು ಮತ್ತೆ ಅದೇ. ಚೆನ್ನಾಗಿರುವ ದಿನ ಇನ್ನೂ ಹತ್ತು ನಿಮಿಷ ಹೋಗಬಲ್ಲೆ ಅನ್ನಿಸಿದರೂ ಕಂಬ ಮುಟ್ಟಿ ವಾಪಸಾಗುವುದು ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ನಿನಗೂ ಆಗುತ್ತದೆ. ಆದರೂ ವಾಪಸು ಬಾ.

ಕೈಗೆ ಕಟ್ಟಿಕೊಂಡಿರುವ ಆ ವಾಚು ಹತ್ತು ಸಾವಿರ ಹೆಜ್ಜೆ ಕೇಳುತ್ತದೆ ಅಂದೆಯಲ್ಲ? ಆ ಸಂಖ್ಯೆಯನ್ನು ಮನೆಮನೆಗೆ ತಲುಪಿಸಿದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಯಂತ್ರ. ಯಂತ್ರದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ನಿನ್ನ ಬೆನ್ನನ್ನು ನೋಡಿ ಯಾರೂ ಆ ಲೆಕ್ಕ ಹಾಕಿದ್ದಲ್ಲ. ಅದನ್ನು ಸದ್ಯಕ್ಕೆ ಬಿಚ್ಚಿಡು. ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ನಿಮಿಷ ಬರೆ, ನೋವು ಎಷ್ಟಿತ್ತು ಅಂತ ಬರೆಯಬೇಡ. ವಾರಕ್ಕೆ ಒಂದು ನಿಮಿಷ ಏರಿಸು. ನಾನು ಐದರಿಂದ ಇಪ್ಪತ್ತಕ್ಕೆ ಬರಲು ಏಳು ತಿಂಗಳು ಹಿಡಿಯಿತು, ನಡುವೆ ಎರಡು ಸಲ ಮತ್ತೆ ಮೂರಕ್ಕೆ ಇಳಿದಿದ್ದೆ. ನೋವು ಹೆಚ್ಚಿದ ದಿನ ಅರ್ಧ ಮಾಡಿಕೋ. ಮಳೆ ಬಂದರೆ ನಡುಮನೆಯಿಂದ ಅಡುಗೆಮನೆಗೆ ಓಡಾಡು. ಜ್ವರ ಬಂದು ಹತ್ತು ದಿನ ತಪ್ಪಿತೋ, ಬಿಟ್ಟಲ್ಲಿಂದ ಹಿಡಿಯಬೇಡ, ಅರ್ಧದಿಂದ ಹಿಡಿ.

ಇಷ್ಟರಿಂದ ಏನಾಗುತ್ತದೆ ಅನ್ನುವೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರ ಅಧ್ಯಯನವೊಂದು ಬಂತು. ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ಒಂದು ಗುಂಪಿಗೆ ಫಿಸಿಯೋಥೆರಪಿಸ್ಟರು ಅವರವರಿಗೆ ತಕ್ಕಂತೆ ನಡಿಗೆ ಹೇಳಿಕೊಟ್ಟು, ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯವರೆಗೆ ಏರಿಸುತ್ತಾ ಹೋದರು. ಸುಮ್ಮನೆ ಬಿಟ್ಟ ಗುಂಪಿನ ಅರ್ಧದಷ್ಟು ಜನಕ್ಕೆ 112 ದಿನಗಳಲ್ಲಿ ನೋವು ಮರುಕಳಿಸಿತ್ತು. ನಡೆದವರಲ್ಲಿ ಅಷ್ಟಾಗಲು 208 ದಿನ ಬೇಕಾಯಿತು. ಅವರು ಒಮ್ಮೆ ಗುಣವಾದವರು, ನಿನ್ನದು ಇನ್ನೂ ಬಿಡದ ನೋವು. ಹಾಗಾಗಿ ಆ ದಿನಗಳ ಲೆಕ್ಕವನ್ನು ನಿನಗೆ ಹಾಗೇ ಹಚ್ಚುವುದಿಲ್ಲ. ಆದರೆ ದುಡ್ಡಿಲ್ಲದ, ಬಾಗಿಲಲ್ಲೇ ಸಿಗುವ ಇಂಥ ಮದ್ದು ಇದೆ ಅಂತ ತಿಳಿದಾಗ ನನಗೆ ಎಷ್ಟು ಸಂತೋಷವಾಯಿತೋ ಹೇಳಲಾರೆ.

ಮನಸ್ಸು ಬರಲಿ ಅಂತ ಕಾಯಬೇಡ. ನೋವಿರುವ ದೇಹಕ್ಕೆ ಬೆಳಿಗ್ಗೆ ಮನಸ್ಸು ಬರುವುದಿಲ್ಲ. ನಾನು ಮಾಡಿದ್ದು ಇಷ್ಟೆ: ಮನೆಗೆ ಹಾಲು ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದೆ. ಆಗಿನ್ನೂ ಹನ್ನೆರಡು ನಿಮಿಷಕ್ಕೆ ಬಂದಿದ್ದೆ, ನಂದಿನಿ ಬೂತಿಗೆ ಹೋಗಿ ಬರಲು ಅಷ್ಟೇ ಬೇಕಿತ್ತು. ನಾನು ಹೋಗದಿದ್ದರೆ ನಿನ್ನ ದೊಡ್ಡಪ್ಪನಿಗೆ ಕಾಫಿ ಇಲ್ಲ. ಬೂತಿನ ಪಕ್ಕ ಕನಕಾಂಬರ ಕಟ್ಟುತ್ತಾ ಕೂರುತ್ತಿದ್ದ ಹೂವಿನವಳು ಎರಡು ದಿನ ತಪ್ಪಿಸಿದರೆ "ಯಾಕೆ ಟೀಚರಮ್ಮ, ಕಾಣ್ಲೇ ಇಲ್ಲ?" ಅನ್ನುತ್ತಿದ್ದಳು. ಸೊಂಟ ಹೇಗಿದೆ ಅಂತ ಅವಳು ಒಂದು ದಿನವೂ ಕೇಳಲಿಲ್ಲ, ನನ್ನ ದಾರಿ ಮಾತ್ರ ಕಾಯುತ್ತಿದ್ದಳು. ನಿನ್ನ ಗಂಡನಿಗೂ ಇದನ್ನು ಓದಿಸು. "ನೀನು ಮಲಕ್ಕೋ, ನಾನು ಮಾಡ್ತೀನಿ" ಅನ್ನುವುದು ಪ್ರೀತಿಯೇ. ಅದರ ಬದಲು ಸಂಜೆ ಬಂದು "ಇವತ್ತು ಎಷ್ಟು ನಿಮಿಷ?" ಅಂತ ಕೇಳಲಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡ. ಕಾಲಲ್ಲಿ ಬಲ ಕುಂದುತ್ತಿದ್ದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ನಡಿಗೆ ಗಿಡಿಗೆ ಬಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗು. ನೋವಿನ ಜೊತೆ ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸು. ಚೂರು ನಡೆದ ಮರುದಿನವೂ ಅದರ ಮರುದಿನವೂ ತಲೆಯೆತ್ತಲಾರದ ಸುಸ್ತಾಗುವ ಕಾಯಿಲೆ ಬೇರೆಯೇ ಇದೆ. ಅಂಥವರು ಈ ಕಾಗದ ನೋಡಿಕೊಂಡು ನಿಮಿಷ ಏರಿಸಬಾರದು.

ನೋವು ಪೂರ್ತಿ ಹೋಯಿತೇ ಅಂತ ನೀನು ಕೇಳಿದ್ದೆ. ಇಲ್ಲ ಮಗಳೇ. ಇವತ್ತು ಬೆಳಿಗ್ಗೆಯೂ ಇತ್ತು. ಅದರ ಜೊತೆಯಲ್ಲೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೂವತ್ತೈದು ನಿಮಿಷ ನಡೆದೆ, ನಡುವೆ ಕಲ್ಲುಬೆಂಚಿನ ಮೇಲೆ ಐದು ನಿಮಿಷ ಕೂತೆ. ಮನೆಗೆ ಬಂದು ನಿಂತುಕೊಂಡೇ ಸೀರೆ ಉಟ್ಟೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿರು. ನೀನು ನಿಮ್ಮ ಬೀದಿಯಲ್ಲಿ, ನಾನು ನಮ್ಮ ಬೀದಿಯಲ್ಲಿ ಮಾತಾಡುತ್ತಾ ನಡೆಯೋಣ. ಐದು ನಿಮಿಷಕ್ಕೆ ನಿನ್ನನ್ನು ಮನೆ ಸೇರಿಸಿ ಫೋನ್ ಇಡುತ್ತೇನೆ, ನೀನು ಎಷ್ಟೇ ಬೇಡಿದರೂ.

ಇಂತಿ ನಿನ್ನ
ದೊಡ್ಡಮ್ಮ